ಮಿದುಳಿನ ಸಂಕೇತಗಳೂ ನರಕೋಶಗಳ ಗಣಿತ ಮಾದರಿಗಳೂ

ತಲೆಬುರುಡೆಯನ್ನು ತೆರೆಯದೆಯೇ ಜೀವಂತ ಮನುಷ್ಯನ ಮಿದುಳಿನ ವ್ಯಾಪಾರವನ್ನು ಅಳೆಯುವ ಸಾಧನಗಳು ಇಂದು ಹಲವು ಇವೆ. ನೆತ್ತಿಯ ಮೇಲೆ ಲೋಹದ ಬಿಲ್ಲೆಗಳನ್ನಿಟ್ಟು ಮಿದುಳಿನ ವಿದ್ಯುತ್ತನ್ನು ದಾಖಲಿಸುವ ಕ್ರಮವನ್ನು ಜರ್ಮನಿಯ ಹಾನ್ಸ್ ಬರ್ಗರ್ 1929ರಲ್ಲಿ ಪ್ರಕಟಪಡಿಸಿದರು. ಮಿದುಳಿನಿಂದ ಹೊಮ್ಮುವ ಕಾಂತಕ್ಷೇತ್ರವನ್ನು ಅಮೆರಿಕದ ಡೇವಿಡ್ ಕೋಹೆನ್ 1968ರಲ್ಲಿ ಅಳೆದು ತೋರಿಸಿದರು. ರಕ್ತದಲ್ಲಿರುವ ಆಮ್ಲಜನಕದ ಏರಿಳಿತವನ್ನು ಕಾಂತೀಯ ಅನುರಣನದ ಮೂಲಕ ಗುರುತಿಸಬಹುದೆಂಬುದನ್ನು ಸೇಜಿ ಒಗಾವಾ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ಸ್ಥಾಪಿಸಿದರು. ಈ ಸಾಧನಗಳಿಂದ ದೊರೆತ ಬಣ್ಣಬಣ್ಣದ ಚಿತ್ರಗಳನ್ನು ವಾಚಕರು ಪತ್ರಿಕೆಗಳಲ್ಲಿ ನೋಡಿಯೇ ಇರುತ್ತಾರೆ.

ಆದರೆ ಯಾವ ಸಾಧನವೂ ನಮಗೆ ಕೊಡುವುದು ಒಂದು ಸಂಕೇತವನ್ನು ಮಾತ್ರ. ಆ ಸಂಕೇತವನ್ನು ಯಾವ ನರಕೋಶಗಳು ಹೇಗೆ ವರ್ತಿಸಿ ಉಂಟುಮಾಡಿದುವೆಂಬುದನ್ನು ಅದು ಹೇಳುವುದಿಲ್ಲ. ಗೆರೆ ಮೇಲೆದ್ದಿದೆ, ಆದುದರಿಂದ ಮಿದುಳಿನ ಈ ಭಾಗ ಹೆಚ್ಚು ಕೆಲಸಮಾಡಿದೆ ಎಂದು ನಿರ್ಣಯಿಸುವುದು ಸುಲಭವಾಗಿ ಕಂಡರೂ ಅದು ನ್ಯಾಯವಾದ ನಿರ್ಣಯವಲ್ಲ. ಏಕೆ ಅಲ್ಲ, ಮತ್ತು ನರಕೋಶಗಳ ಗಣಿತ ಮಾದರಿಗಳು ಈ ಕಷ್ಟದಲ್ಲಿ ಎಷ್ಟರಮಟ್ಟಿಗೆ ನೆರವಾಗಬಲ್ಲುವು ಎಂಬ ಎರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿವೇಚಿಸಲಿದ್ದೇವೆ. ವಿಷಯ ಸ್ಪಷ್ಟವಾಗಲೆಂದು ಕಾಂತಕ್ಷೇತ್ರದ ಸಂಕೇತವನ್ನು ಮುಖ್ಯವಾಗಿ ತೆಗೆದುಕೊಂಡು, ರಕ್ತಪ್ರವಾಹದ ಸಂಕೇತವನ್ನು ಕೊನೆಯಲ್ಲಿ ಸಂಕ್ಷೇಪವಾಗಿ ಪರಿಶೀಲಿಸುತ್ತೇವೆ.

1. ಸಂಕೇತದ ಹುಟ್ಟು

ಮಿದುಳಿನ ಹೊರಪದರದಲ್ಲಿ ಪಿರಮಿಡ್ಡಿನ ಆಕಾರದ ನರಕೋಶಗಳು ಹೇರಳವಾಗಿವೆ. ಇಂಥ ಕೋಶವೊಂದನ್ನು ತೆಂಗಿನ ಮರಕ್ಕೆ ಹೋಲಿಸಬಹುದು. ಬುಡದಲ್ಲಿ ಕೋಶದ ಕಾಯ. ಅದರ ಸುತ್ತ ಬೇರುಗಳಂತೆ ಗಿಡ್ಡವಾದ ಕವಲುಗಳು. ಅಲ್ಲಿಂದ ಮಿದುಳಿನ ಮೇಲ್ಮೈಯ ಕಡೆಗೆ ನೇರವಾಗಿ ಏರುವ ಉದ್ದನೆಯ ಕಾಂಡ. ಅದರ ತುದಿಯಲ್ಲಿ ಗರಿಗಳಂತೆ ಹರಡಿದ ಕವಲುಗಳು. ತೋಪಿನ ಮರಗಳಂತೆ ಈ ಕೋಶಗಳು ಒಂದರ ಪಕ್ಕದಲ್ಲೊಂದು ಒಂದೇ ದಿಕ್ಕಿಗೆ ನಿಂತಿವೆ. ಬೇರೆ ಕೋಶಗಳಿಂದ ಬರುವ ನರತಂತುಗಳು ಈ ಕವಲುಗಳ ಮೇಲೂ ಕಾಯದ ಮೇಲೂ ಬಂದು ಮುಟ್ಟುತ್ತವೆ. ಹೀಗೆ ಮುಟ್ಟುವ ಸ್ಥಾನಗಳಿಗೆ ನರಸಂಧಿಗಳೆಂದು ಹೆಸರು. ನರಸಂಧಿಯೊಂದು ಕೆಲಸಮಾಡಿದಾಗ ಕೋಶದ ಪೊರೆಯ ಮೂಲಕ ಅಯಾನುಗಳು ಚಲಿಸಿ, ಕೋಶದ ಒಳಗೆ ಕಾಂಡದ ಉದ್ದಕ್ಕೂ ವಿದ್ಯುತ್ತು ಹರಿಯುವುದು. ವಿದ್ಯುತ್ತು ಹರಿದೆಡೆಯಲ್ಲಿ ಕಾಂತಕ್ಷೇತ್ರ ಹುಟ್ಟುವುದೆಂಬುದನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು.

ಒಂದು ಕೋಶದ ಕ್ಷೇತ್ರ ಅಳತೆಗೆ ನಿಲುಕದಷ್ಟು ಕ್ಷೀಣವಾದುದು. ಸುಮಾರು 50,000 ಕೋಶಗಳಲ್ಲಿ ಏಕಕಾಲದಲ್ಲಿ ಒಂದೇ ದಿಕ್ಕಿಗೆ ವಿದ್ಯುತ್ತು ಹರಿದರೆ ಮಾತ್ರ ತಲೆಯ ಹೊರಗೆ ಅದರ ಸುಳಿವು ಸಿಕ್ಕುವುದು. ಆಗಲೂ ಅದು ಭೂಮಿಯ ಕಾಂತಕ್ಷೇತ್ರದ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆಯಾಗಿರುತ್ತದೆ. ಆದುದರಿಂದಲೇ ಈ ಅಳತೆಗೆ ಹೊರಗಿನ ಕಾಂತಕ್ಷೇತ್ರಗಳನ್ನು ತಡೆಯುವ ವಿಶೇಷವಾದ ಕೋಣೆ ಬೇಕು. ದ್ರವ ಹೀಲಿಯಮ್ಮಿನಲ್ಲಿ ತಣಿಸಿದ ಅತಿವಾಹಕ ಉಪಕರಣಗಳು ಈ ಕೆಲಸದಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಊರ ಹೊರಗೆ ನಿಂತವನಿಗೆ ಜಾತ್ರೆಯಲ್ಲಿ ಒಬ್ಬೊಬ್ಬರು ಆಡುವ ಮಾತು ಕೇಳಿಸುವುದಿಲ್ಲ. ತೇರಿನ ಹಗ್ಗ ಹಿಡಿದವರೆಲ್ಲ ಒಟ್ಟಿಗೆ ಕೂಗಿದಾಗ ಆ ಕೂಗು ಮಾತ್ರ ಕೇಳಿಸುವುದು. ನಮ್ಮ ಸಾಧನದ ಸ್ಥಿತಿಯೂ ಅಂಥದೇ.

ಇಲ್ಲಿ ಒಂದು ಅಂಶವನ್ನು ಗಮನದಲ್ಲಿಡಬೇಕು. ನರಕೋಶ ಬೇರೆ ಕೋಶಗಳಿಗೆ ಕಳುಹಿಸುವ ಕ್ಷಣಿಕವಾದ ನರಸ್ಪಂದವು ಈ ಸಂಕೇತಕ್ಕೆ ಮುಖ್ಯ ಕಾರಣವಲ್ಲ. ಕೋಶದ ಕವಲುಗಳಲ್ಲಿ, ಬಹುಮಟ್ಟಿಗೆ ಅದಕ್ಕೆ ಬಂದು ಸೇರಿದ ಸುದ್ದಿಯಿಂದ ಹರಿಯುವ, ತುಸು ದೀರ್ಘಕಾಲದ ವಿದ್ಯುತ್ತೇ ಕಾರಣ. ಎಂದರೆ, ನಾವು ಹೊರಗಿನಿಂದ ಅಳೆಯುವುದು ಕೋಶಗಳು ಆಡಿದ ಮಾತಿಗಿಂತ ಹೆಚ್ಚಾಗಿ ಅವು ಕೇಳಿಸಿಕೊಂಡ ಮಾತನ್ನು.

2. ವಿಲೋಮ ಸಮಸ್ಯೆ

ನಾಲ್ಕು ಮತ್ತು ಆರು ಕೂಡಿದರೆ ಎಷ್ಟು ಎಂದು ಕೇಳಿದರೆ ಉತ್ತರ ಒಂದೇ. ಎರಡು ಸಂಖ್ಯೆಗಳ ಮೊತ್ತ ಹತ್ತು, ಆ ಸಂಖ್ಯೆಗಳು ಯಾವುವು ಎಂದು ಕೇಳಿದರೆ ಉತ್ತರಗಳು ಅಸಂಖ್ಯಾತ. ಮೊದಲನೆಯದು ಕಾರಣದಿಂದ ಕಾರ್ಯಕ್ಕೆ ಸಾಗುವ ಅನುಲೋಮ ಪ್ರಶ್ನೆ. ಎರಡನೆಯದು ಕಾರ್ಯದಿಂದ ಕಾರಣಕ್ಕೆ ಹಿಂದಿರುಗುವ ವಿಲೋಮ ಪ್ರಶ್ನೆ. ವಾಹಕವೊಂದರ ಒಳಗೆ ಹರಿಯುವ ವಿದ್ಯುತ್ತನ್ನು ಹೊರಗಿನ ಅಳತೆಗಳಿಂದ ಒಂದೇ ರೀತಿಯಾಗಿ ನಿರ್ಧರಿಸಲು ಸಾಧ್ಯವಿಲ್ಲವೆಂಬುದನ್ನು ಹೆಲ್ಮ್‌ಹೋಲ್ಟ್ಸ್ 1853ರಲ್ಲಿಯೇ ತೋರಿಸಿದ್ದರು. ಆದುದರಿಂದ ಸಂಕೇತವು ಮಿದುಳಿನ ಯಾವ ಎಡೆಯಿಂದ ಬಂದಿತೆಂದು ಹೇಳಬೇಕಾದರೂ ಕೆಲವು ಭಾವನೆಗಳನ್ನು ಮೊದಲೇ ಅಂಗೀಕರಿಸಬೇಕಾಗುವುದು.

ಎಡೆ ಗೊತ್ತಾಯಿತೆಂದೇ ಇಟ್ಟುಕೊಳ್ಳೋಣ. ಆಗಲೂ ಸಂಶಯ ತೀರುವುದಿಲ್ಲ. ನರಸಂಧಿಗಳಲ್ಲಿ ಪ್ರಚೋದಕ, ನಿರೋಧಕ ಎಂದು ಎರಡು ಬಗೆ. ಮೊದಲನೆಯದು ಕೋಶವನ್ನು ಕೆರಳಿಸುವುದು, ಎರಡನೆಯದು ತಣಿಸುವುದು. ಕಾಂಡದ ತುದಿಯಲ್ಲಿರುವ ಕವಲುಗಳ ಮೇಲೆ ಪ್ರಚೋದನೆ ಬಿದ್ದರೆ ಅಲ್ಲಿ ಧನವಿದ್ಯುತ್ತು ಕೋಶದೊಳಕ್ಕೆ ನುಗ್ಗಿ, ಕಾಂಡದ ಒಳಗೆ ಮೇಲಿನಿಂದ ಬುಡದ ಕಡೆಗೆ ಹರಿಯುವುದು. ಬುಡದಲ್ಲಿರುವ ಕಾಯದ ಮೇಲೆ ನಿರೋಧ ಬಿದ್ದರೆ ಅಲ್ಲಿ ವಿದ್ಯುತ್ತು ಕೋಶದಿಂದ ಹೊರಬೀಳುವುದು. ಆ ಕೊರತೆಯನ್ನು ತುಂಬಲು ಕಾಂಡದ ಒಳಗೆ ವಿದ್ಯುತ್ತು ಆಗಲೂ ಮೇಲಿನಿಂದ ಬುಡದ ಕಡೆಗೇ ಹರಿಯುವುದು. ಹೊರಗಿನ ಸಾಧನಕ್ಕೆ ಕಾಣುವುದು ಪ್ರವಾಹದ ದಿಕ್ಕು ಮಾತ್ರ. ಕೆರಳಿಸಿದುದೂ ತಣಿಸಿದುದೂ ಅದರ ದಾಖಲೆಯಲ್ಲಿ ಒಂದೇ ಗೆರೆಯಾಗಿ ಮೂಡುತ್ತವೆ.

ಇದು ಪಂಡಿತರ ಚರ್ಚೆಗೆ ಮಾತ್ರ ಸೀಮಿತವಾದ ತೊಡಕೆಂದು ಭಾವಿಸಬಾರದು. ರೋಗಿಯೊಬ್ಬನ ಸಂಕೇತ ಆರೋಗ್ಯವಂತನದಕ್ಕಿಂತ ಭಿನ್ನವಾಗಿದೆಯೆಂದು ಕಂಡುಬಂದಾಗ, ಅವನ ಮಿದುಳಿನಲ್ಲಿ ಪ್ರಚೋದನೆ ಹೆಚ್ಚಾಗಿದೆಯೋ ನಿರೋಧ ಹೆಚ್ಚಾಗಿದೆಯೋ ತಿಳಿಯದೆ ಕೊಡುವ ಚಿಕಿತ್ಸೆ ಕತ್ತಲಲ್ಲಿ ಕೈಯಾಡಿಸಿದಂತೆ. ಒಂದಕ್ಕೆ ಹಿತವಾದ ಔಷಧ ಇನ್ನೊಂದಕ್ಕೆ ಅಹಿತವಾಗಬಹುದು.

3. ಮಾದರಿಯ ರಚನೆ

ವಿಲೋಮ ಪ್ರಶ್ನೆಗೆ ನೇರವಾದ ಉತ್ತರವಿಲ್ಲದಿದ್ದರೂ ಅನುಲೋಮ ಪ್ರಶ್ನೆಗೆ ಉತ್ತರವುಂಟು. ನರಕೋಶಗಳು ಇಂತಿಂಥ ರೀತಿಯಲ್ಲಿ ವರ್ತಿಸಿದರೆ ಹೊರಗೆ ಎಂಥ ಸಂಕೇತ ಕಾಣಬೇಕು ಎಂಬುದನ್ನು ಲೆಕ್ಕಹಾಕಬಹುದು. ಒಂದೊಂದು ಊಹೆಯನ್ನೂ ಹೀಗೆ ಲೆಕ್ಕಕ್ಕೆ ಒಡ್ಡಿ, ಬಂದ ಫಲವನ್ನು ನಿಜವಾದ ಅಳತೆಯೊಡನೆ ಹೋಲಿಸಿ, ಹೊಂದದ ಊಹೆಗಳನ್ನು ಕೈಬಿಡುತ್ತ ಹೋಗುವುದೇ ಗಣಿತ ಮಾದರಿಗಳ ಮಾರ್ಗ.

ಇದಕ್ಕೆ ಬೇಕಾದ ತಳಹದಿಯನ್ನು ಹಾಕಿದವರು ಇಂಗ್ಲೆಂಡಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ. ಕಡಲ ಸ್ಕ್ವಿಡ್ ಪ್ರಾಣಿಯ ದಪ್ಪನೆಯ ನರತಂತುವಿನ ಮೇಲೆ ಪ್ರಯೋಗ ನಡೆಸಿ, ಪೊರೆಯ ಮೂಲಕ ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳು ಹರಿಯುವ ಕ್ರಮವನ್ನು ಅವರು 1952ರಲ್ಲಿ ಅವಕಲ ಸಮೀಕರಣಗಳ ರೂಪದಲ್ಲಿ ಬರೆದರು. ಆ ಸಮೀಕರಣಗಳನ್ನು ಹಕ್ಸ್‌ಲಿ ಬಿಡಿಸಿದುದು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ. ಈ ಕಾರ್ಯಕ್ಕಾಗಿ ಇಬ್ಬರಿಗೂ 1963ರಲ್ಲಿ ನೊಬೆಲ್ ಪಾರಿತೋಷಿಕ ದೊರೆಯಿತು. ಕವಲೊಡೆದ ಕೋಶದಲ್ಲಿ ವಿದ್ಯುತ್ತು ಹೇಗೆ ಹಬ್ಬುವುದೆಂಬುದನ್ನು ಅಮೆರಿಕದ ವಿಲ್‌ಫ್ರಿಡ್ ರಾಲ್ 1959ರಿಂದ ಮುಂದಕ್ಕೆ ವಿವರಿಸಿದರು. ಸಮುದ್ರದಡಿಯ ತಂತಿಗಾಗಿ ವಿಲಿಯಂ ಥಾಮ್ಸನ್ ಹತ್ತೊಂಬತ್ತನೆಯ ಶತಮಾನದಲ್ಲಿ ರಚಿಸಿದ್ದ ಗಣಿತವೇ ಇಲ್ಲಿ ನರಕೋಶದ ಕವಲಿಗೂ ಒದಗಿತು. ಕೋಶವನ್ನು ಸಣ್ಣ ಸಣ್ಣ ತುಂಡುಗಳಾಗಿ ಕಲ್ಪಿಸಿಕೊಂಡು, ಪ್ರತಿಯೊಂದು ತುಂಡಿನಲ್ಲಿಯೂ ಒಳಬರುವ, ಹೊರಹೋಗುವ ವಿದ್ಯುತ್ತಿನ ಲೆಕ್ಕವನ್ನು ಸರಿದೂಗಿಸುವುದು ಈ ವಿಧಾನದ ಸಾರ.

ಇಂಥ ಕೋಶಗಳನ್ನು ನೂರಾರು ಸಂಖ್ಯೆಯಲ್ಲಿ ಸೇರಿಸಿ, ಪದರಗಳಾಗಿ ಜೋಡಿಸಿ, ಪ್ರಚೋದಕ ನಿರೋಧಕ ಸಂಧಿಗಳಿಂದ ಹೆಣೆದರೆ ಮಿದುಳಿನ ಹೊರಪದರದ ಒಂದು ತುಣುಕಿನ ಮಾದರಿ ಸಿದ್ಧವಾಗುವುದು. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಸ್ಟೆಫನಿ ಜೋನ್ಸ್ ಮತ್ತು ಅವರ ಸಹೋದ್ಯೋಗಿಗಳು ಬೆಳೆಸಿರುವ ಮಾದರಿ ಈ ಬಗೆಯದು. ಮಾದರಿಯ ಪಿರಮಿಡ್ ಕೋಶಗಳ ಕಾಂಡದಲ್ಲಿ ಹರಿಯುವ ವಿದ್ಯುತ್ತನ್ನೆಲ್ಲ ಕೂಡಿಸಿದರೆ ಬರುವ ಮೊತ್ತವೂ ಕಾಂತಕ್ಷೇತ್ರದ ಅಳತೆಯಿಂದ ತಿಳಿಯುವ ಪರಿಮಾಣವೂ ಒಂದೇ ಜಾತಿಯವು. ಎರಡನ್ನೂ ಒಂದೇ ಮಾನದಲ್ಲಿ ಹೇಳಬಹುದು. ಆದುದರಿಂದಲೇ ಹೋಲಿಕೆ ಸಾಧ್ಯ.

ಈ ಮಾದರಿಗೆ ಹೊರಗಿನಿಂದ ಸುದ್ದಿ ತಲುಪುವ ದಾರಿಗಳು ಎರಡು. ಇಂದ್ರಿಯಗಳಿಂದ ಥಾಲಮಸ್ಸಿನ ಮೂಲಕ ಬರುವ ಸುದ್ದಿ ಕೋಶದ ಬುಡದ ಹತ್ತಿರ ಮುಟ್ಟಿ ವಿದ್ಯುತ್ತನ್ನು ಮೇಲಕ್ಕೆ ತಳ್ಳುವುದು. ಹೊರಪದರದ ಇತರ ಭಾಗಗಳಿಂದಲೂ ಥಾಲಮಸ್ಸಿನ ಬೇರೆ ಕೆಲವು ಭಾಗಗಳಿಂದಲೂ ಬರುವ ಸುದ್ದಿ ತುದಿಯ ಕವಲುಗಳನ್ನು ಮುಟ್ಟಿ ವಿದ್ಯುತ್ತನ್ನು ಕೆಳಕ್ಕೆ ತಳ್ಳುವುದು. ಮುಂದೆ ಹೇಳುವ ನಿದರ್ಶನದಲ್ಲಿ ಈ ಎರಡು ದಾರಿಗಳ ಭೇದವೇ ಮುಖ್ಯ.

4. ಒಂದು ನಿದರ್ಶನ: ಬೀಟಾ ಲಯ

ಸ್ಪರ್ಶಜ್ಞಾನಕ್ಕೆ ಸಂಬಂಧಿಸಿದ ಹೊರಪದರದಿಂದ ಸೆಕೆಂಡಿಗೆ ಸುಮಾರು 15ರಿಂದ 29 ಬಾರಿ ಆಂದೋಲಿಸುವ ಸಂಕೇತವೊಂದು ಬರುತ್ತದೆ. ಇದಕ್ಕೆ ಬೀಟಾ ಲಯವೆಂದು ಹೆಸರು. ಪಾರ್ಕಿನ್ಸನ್ ರೋಗದಲ್ಲಿ ಮಿದುಳಿನ ಆಳದ ಕೆಲವು ಕೇಂದ್ರಗಳಲ್ಲಿ ಈ ಶ್ರೇಣಿಯ ಲಯ ಪ್ರಬಲವಾಗುವುದೆಂದೂ, ಲೆವೊಡೋಪ ಔಷಧವನ್ನು ಕೊಟ್ಟಾಗ ತಗ್ಗುವುದೆಂದೂ ತಿಳಿದುಬಂದಿದೆ. ಆದುದರಿಂದ ಈ ಲಯ ಹುಟ್ಟುವ ಬಗೆಯನ್ನು ಅರಿಯುವುದಕ್ಕೆ ವೈದ್ಯಶಾಸ್ತ್ರದ ದೃಷ್ಟಿಯಿಂದಲೂ ಮಹತ್ತ್ವವುಂಟು.

ನೂರಾರು ಸಲ ಅಳತೆಮಾಡಿ, ಪ್ರತಿ ಸಲದ ಲಯದ ಬಲವನ್ನು ಲೆಕ್ಕಹಾಕಿ, ಅವುಗಳ ಸರಾಸರಿಯನ್ನು ತೆಗೆದರೆ ಬೀಟಾ ಲಯ ಎಡೆಬಿಡದೆ ನಡೆಯುತ್ತಿರುವಂತೆ ಕಾಣುವುದು. ಒಂದೊಂದು ಅಳತೆಯನ್ನೂ ಬೇರೆಬೇರೆಯಾಗಿ ನೋಡಿದಾಗ ಸಂಗತಿ ಬೇರೆ. ಲಯವು ಸೆಕೆಂಡಿನ ಏಳನೆಯ ಒಂದು ಪಾಲಿಗೂ ಕಡಿಮೆ ಕಾಲ ಮಿಂಚಿ ಮಾಯವಾಗುವುದು. ಮತ್ತೆ ಯಾವಾಗಲೋ ಇನ್ನೊಮ್ಮೆ ಮಿಂಚುವುದು. ಮುಂಗಾರಿನ ತಿಂಗಳಲ್ಲಿ ಪ್ರತಿದಿನವೂ ಒಂದೊಂದು ಹೊತ್ತಿಗೆ ಹತ್ತು ನಿಮಿಷ ಮಳೆ ಸುರಿದು ನಿಂತಿದ್ದರೂ, ಮೂವತ್ತು ದಿನಗಳ ಸರಾಸರಿಯನ್ನು ಗಂಟೆಗಂಟೆಗೆ ಬರೆದಿಟ್ಟರೆ ದಿನವೆಲ್ಲ ತುಂತುರು ಹನಿಯುತ್ತಿದ್ದಂತೆ ತೋರುವುದಲ್ಲವೆ? ಸರಾಸರಿಯಲ್ಲಿ ಸುಳ್ಳಿಲ್ಲ, ಅದನ್ನು ಒಂದು ದಿನದ ವೃತ್ತಾಂತವೆಂದು ಓದಿದರೆ ತಪ್ಪಾಗುವುದು.

ಜೋನ್ಸ್ ಅವರ ತಂಡ 2016ರಲ್ಲಿ ಪ್ರಕಟಪಡಿಸಿದ ಅಧ್ಯಯನದಲ್ಲಿ ಈ ಕ್ಷಣಿಕ ಲಯಗಳ ಆಕಾರವನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. ಅವೆಲ್ಲವೂ ಬಹುಮಟ್ಟಿಗೆ ಒಂದೇ ಅಚ್ಚಿನವಾಗಿದ್ದುವು: ನಡುವೆ ಆಳವಾದ ಒಂದು ತಗ್ಗು, ಅದರ ಎರಡು ಕಡೆಗಳಲ್ಲಿಯೂ ಸಣ್ಣ ಉಬ್ಬುಗಳು. ತಗ್ಗಿನ ಅವಧಿ ಸುಮಾರು 50 ಮಿಲಿಸೆಕೆಂಡು. ಮಾದರಿಯಲ್ಲಿ ಇದೇ ಆಕಾರವನ್ನು ಪಡೆಯಲು ಒಂದು ಸರಳವಾದ ಏರ್ಪಾಡು ಸಾಕಾಯಿತು. ಬುಡದ ದಾರಿಯಿಂದ ಹೆಚ್ಚು ಕಾಲ ಹರಡಿಕೊಂಡ ಪ್ರಚೋದನೆ ಬರಬೇಕು. ಅದು ನಡೆಯುತ್ತಿರುವಾಗಲೇ ತುದಿಯ ದಾರಿಯಿಂದ ಸುಮಾರು 50 ಮಿಲಿಸೆಕೆಂಡು ಬಾಳುವ ಪ್ರಬಲವಾದ ಪ್ರಚೋದನೆ ಬಂದು ಸೇರಬೇಕು. ಮೊದಲು ವಿದ್ಯುತ್ತು ಮೇಲಕ್ಕೆ ಏರುವುದು. ನಡುವೆ ತುದಿಯ ಪ್ರಚೋದನೆ ಗೆದ್ದು ಕೆಳಕ್ಕೆ ದಬ್ಬುವುದು. ಅದು ಮುಗಿದೊಡನೆ ಉಳಿದ ಬುಡದ ಪ್ರಚೋದನೆಯಿಂದ ಮತ್ತೆ ಮೇಲಕ್ಕೆ ಏರುವುದು.

ಈ ಫಲಿತಾಂಶದಲ್ಲಿ ಗಮನಾರ್ಹವಾದ ಸಂಗತಿಯೊಂದಿದೆ. ಸೆಕೆಂಡಿಗೆ ಇಪ್ಪತ್ತು ಬಾರಿಯ ಲಯವನ್ನು ಕಂಡೊಡನೆ, ಸೆಕೆಂಡಿಗೆ ಇಪ್ಪತ್ತು ಬಾರಿ ತಾಳಹಾಕುವ ಯಾವುದೋ ಮೂಲ ಮಿದುಳಿನಲ್ಲಿರಬೇಕೆಂದು ಭಾವಿಸುವುದು ಸಹಜ. ಮಾದರಿ ಹೇಳುವುದು ಹಾಗಲ್ಲ. ಅಲ್ಲಿ ತಾಳಹಾಕುವವರೇ ಬೇಕಿಲ್ಲ. ತುದಿಯ ಪ್ರಚೋದನೆ ಎಷ್ಟು ಹೊತ್ತು ಬಾಳುವುದೋ ಅದೇ ಲಯದ ಆವೃತ್ತಿಯನ್ನು ನಿರ್ಣಯಿಸುತ್ತದೆ. ಸೆಕೆಂಡಿಗೆ ಇಪ್ಪತ್ತರ ಲಯದಲ್ಲಿ ಒಂದು ಆವೃತ್ತಿಯ ಅವಧಿ 50 ಮಿಲಿಸೆಕೆಂಡೆಂಬುದನ್ನು ವಾಚಕರು ತಾವೇ ಲೆಕ್ಕಹಾಕಿ ನೋಡಬಹುದು.

ಮಾದರಿ ಅಳತೆಗೆ ಹೊಂದಿತೆಂಬಷ್ಟಕ್ಕೆ ಸಂಶೋಧಕರು ನಿಲ್ಲಲಿಲ್ಲ. ಮಾದರಿ ನಿಜವಾಗಿದ್ದರೆ ಹೊರಪದರದ ಯಾವ ಆಳದಲ್ಲಿ ಯಾವ ಹೊತ್ತಿಗೆ ವಿದ್ಯುತ್ತು ಕೋಶದೊಳಕ್ಕೆ ಹೋಗಬೇಕು, ಯಾವ ಆಳದಲ್ಲಿ ಹೊರಬರಬೇಕು ಎಂಬುದೂ ನಿಶ್ಚಿತವಾಗುವುದು. ಮನುಷ್ಯನಲ್ಲಿ ಇದನ್ನು ಹೊರಗಿನಿಂದ ನೋಡಲಾಗದು. ಆದುದರಿಂದ ಇಲಿ ಮತ್ತು ಕೋತಿಗಳ ಮಿದುಳಿನ ಪದರಪದರಕ್ಕೂ ಸೂಕ್ಷ್ಮ ವಿದ್ಯುದಗ್ರಗಳನ್ನು ಇಳಿಸಿ ಅಳೆದರು. ಅಲ್ಲಿ ಕಂಡ ಪ್ರವಾಹಗಳು ಮಾದರಿಯ ಭವಿಷ್ಯವಾಣಿಗೆ ಅನುಗುಣವಾಗಿದ್ದುವು. ಮುಂದಿನ ವರ್ಷ, ಅಂದರೆ 2017ರಲ್ಲಿ, ಇದೇ ತಂಡ ಇನ್ನೊಂದು ವಿಷಯವನ್ನು ವರದಿಮಾಡಿತು. ಬೆರಳಿನ ಮೇಲೆ ಬೀಳುವ ಅತಿ ಲಘುವಾದ ತಟ್ಟುವಿಕೆಗೆ ಮೊದಲು ಬೀಟಾ ಮಿಂಚುಗಳು ಹೆಚ್ಚು ಸಂಖ್ಯೆಯಲ್ಲಿ ಬಂದಿದ್ದರೆ ಅದು ಮನುಷ್ಯರ ಅರಿವಿಗೆ ಬರುವ ಸಂಭವ ಕಡಿಮೆಯಾಗಿತ್ತು. ಮೀಸೆಯ ಸ್ಪರ್ಶವನ್ನು ಗುರುತಿಸಬೇಕಾಗಿದ್ದ ಇಲಿಗಳಲ್ಲಿಯೂ ಹೀಗೆಯೇ ಕಂಡುಬಂದಿತು. ಸರಾಸರಿಯನ್ನು ಮಾತ್ರ ನಂಬಿದ್ದರೆ ಮಿಂಚುಗಳನ್ನು ಎಣಿಸಬೇಕೆಂಬುದೇ ತೋರುತ್ತಿರಲಿಲ್ಲ.

5. ರಕ್ತಪ್ರವಾಹದ ಸಂಕೇತ

ಕಾಂತೀಯ ಅನುರಣನದ ಚಿತ್ರಗಳಲ್ಲಿ ಸಂಕೇತಕ್ಕೂ ನರಕೋಶಕ್ಕೂ ನಡುವಣ ದೂರ ಇನ್ನೂ ಹೆಚ್ಚು. ಆಮ್ಲಜನಕವನ್ನು ಕಳೆದುಕೊಂಡ ಹಿಮೋಗ್ಲೋಬಿನ್ನಿಗೆ ಕಾಂತಗುಣವಿದೆಯೆಂದು ಪಾಲಿಂಗ್ ಮತ್ತು ಕೊರ್ಯೆಲ್ 1936ರಲ್ಲಿ ತೋರಿಸಿದ್ದರು. ನರಕೋಶಗಳು ಚುರುಕಾದೆಡೆಯಲ್ಲಿ ರಕ್ತ ಹೆಚ್ಚಾಗಿ ಹರಿದು, ಅಂಥ ಹಿಮೋಗ್ಲೋಬಿನ್ನಿನ ಪ್ರಮಾಣ ತಗ್ಗಿ, ಸಂಕೇತ ಏರುವುದು. ಆದರೆ ನರಕೋಶದ ಕೆಲಸ ಮಿಲಿಸೆಕೆಂಡುಗಳಲ್ಲಿ ಮುಗಿದರೆ ರಕ್ತದ ಸಂಕೇತ ಶಿಖರವನ್ನು ಮುಟ್ಟಲು ಐದಾರು ಸೆಕೆಂಡುಗಳು ಬೇಕು. ಅಲ್ಲದೆ ರಕ್ತನಾಳಗಳಿಗೆ ತಮ್ಮದೇ ಆದ ಸ್ವಭಾವವಿದೆ. ಪರೀಕ್ಷೆಗೆ ಮುಂಚೆ ಕುಡಿದ ಒಂದು ಲೋಟ ಕಾಫಿಯೂ ಮಿದುಳಿನ ರಕ್ತಪ್ರವಾಹವನ್ನು ತಗ್ಗಿಸಬಲ್ಲುದು. ವಯಸ್ಸಾದಂತೆ ನಾಳಗಳ ಮೃದುತ್ವವೂ ಕುಗ್ಗುವುದು. ವೃದ್ಧರ ಸಂಕೇತವನ್ನೂ ತರುಣರ ಸಂಕೇತವನ್ನೂ ಹೋಲಿಸಿ ನರಕೋಶಗಳ ವಿಷಯವಾಗಿ ತೀರ್ಪು ಕೊಡುವಾಗ ಈ ಭೇದವನ್ನು ಮರೆಯಬಾರದು.

ಇಲ್ಲಿಯೂ ಮಾರ್ಗ ಅದೇ. ನಾಳಗಳು ಬಲೂನಿನಂತೆ ಹಿಗ್ಗಿ ಕುಗ್ಗುವುದನ್ನು ವರ್ಣಿಸುವ ಸಮೀಕರಣಗಳನ್ನು ಬಕ್ಸ್‌ಟನ್ ಮತ್ತು ಅವರ ಸಹೋದ್ಯೋಗಿಗಳು 1998ರಲ್ಲಿ ಕೊಟ್ಟರು. ಫ್ರಿಸ್ಟನ್ ಮತ್ತು ಅವರ ಸಂಗಡಿಗರು 2003ರಲ್ಲಿ ಈ ಸಮೀಕರಣಗಳನ್ನು ನರಕೋಶಸಮೂಹಗಳ ಸರಳ ಮಾದರಿಯೊಡನೆ ಕೂಡಿಸಿ, ಮಿದುಳಿನ ಒಂದು ಭಾಗ ಇನ್ನೊಂದರ ಮೇಲೆ ಬೀರುವ ಪ್ರಭಾವವನ್ನು ಅಂದಾಜುಮಾಡುವ ವಿಧಾನವನ್ನು ಮುಂದಿಟ್ಟರು. ಕೋತಿಗಳ ಮಿದುಳಿನಲ್ಲಿ ರಕ್ತದ ಸಂಕೇತವನ್ನೂ ವಿದ್ಯುತ್ತನ್ನೂ ಏಕಕಾಲದಲ್ಲಿ ಅಳೆದ ಲೋಗೊಥೆಟಿಸ್ ಮತ್ತು ಅವರ ತಂಡ, ರಕ್ತದ ಸಂಕೇತವು ಕೋಶಗಳು ಕಳುಹಿಸುವ ನರಸ್ಪಂದಗಳಿಗಿಂತ ಅವುಗಳಿಗೆ ಬಂದು ಸೇರುವ ಮತ್ತು ಸ್ಥಳದಲ್ಲಿಯೇ ನಡೆಯುವ ವ್ಯಾಪಾರವನ್ನು ಹೆಚ್ಚಾಗಿ ಅನುಸರಿಸುವುದೆಂದು 2001ರಲ್ಲಿ ತಿಳಿಸಿತು. ಮೊದಲನೆಯ ಪ್ರಕರಣದಲ್ಲಿ ಕಾಂತಕ್ಷೇತ್ರದ ವಿಷಯವಾಗಿ ನಾವು ಹೇಳಿದ ಮಾತಿಗೆ ಇದು ಸಮೀಪವಾಗಿದೆ.

6. ಮಾದರಿಯ ಮಿತಿಗಳು

ಮಾದರಿಯ ಲೆಕ್ಕ ಅಳತೆಗೆ ಹೊಂದಿತೆಂದ ಮಾತ್ರಕ್ಕೆ ಮಾದರಿ ನಿಜವೆಂದು ಸಿದ್ಧಪಡುವುದಿಲ್ಲ. ಮಾದರಿಯಲ್ಲಿ ಅನೇಕ ಗುಣಾಂಕಗಳಿರುತ್ತವೆ; ಅವುಗಳನ್ನು ಹೇಗೋ ತಿರುಚಿ ಬೇಕಾದ ಗೆರೆಯನ್ನು ಬರಿಸಬಹುದು. ಪ್ರಿನ್ಜ್, ಬುಚರ್ ಮತ್ತು ಮಾರ್ಡರ್ 2004ರಲ್ಲಿ ಸಿಗಡಿಯ ಜಾತಿಗೆ ಸೇರಿದ ದೊಡ್ಡ ಸಮುದ್ರಜೀವಿಯೊಂದರ ಜಠರವನ್ನು ನಡೆಸುವ ಸಣ್ಣ ನರಜಾಲವನ್ನು ತೆಗೆದುಕೊಂಡು, ಗುಣಾಂಕಗಳನ್ನು ಬದಲಿಸುತ್ತ ಎರಡು ಕೋಟಿಗೂ ಹೆಚ್ಚು ಮಾದರಿಗಳನ್ನು ಗಣಕದಲ್ಲಿ ಪರೀಕ್ಷಿಸಿದರು. ಅವುಗಳಲ್ಲಿ ಲಕ್ಷಗಟ್ಟಲೆ ಮಾದರಿಗಳು ನಿಜವಾದ ಜಾಲದ ಲಯವನ್ನೇ ಕೊಟ್ಟುವು. ಆದರೆ ಅವುಗಳ ಒಳರಚನೆಯಲ್ಲಿ ಬಹಳ ವ್ಯತ್ಯಾಸಗಳಿದ್ದುವು. ಕೆಲವೇ ಕೋಶಗಳ ಜಾಲದಲ್ಲಿ ಹೀಗಾದರೆ ಮನುಷ್ಯನ ಮಿದುಳಿನ ವಿಷಯದಲ್ಲಿ ಎಷ್ಟು ಎಚ್ಚರ ಬೇಕೆಂಬುದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಮಾದರಿಯಿಂದ ಪ್ರಯೋಜನವೇನು? ಸಂಕೇತವನ್ನು ಮಾತಿನಲ್ಲಿ ವ್ಯಾಖ್ಯಾನಿಸುವವನು ತನ್ನ ಭಾವನೆಗಳನ್ನು ತನಗರಿವಿಲ್ಲದೆಯೇ ಬಚ್ಚಿಡಬಹುದು. ಮಾದರಿ ಕಟ್ಟುವವನಿಗೆ ಆ ಅವಕಾಶವಿಲ್ಲ; ಪ್ರತಿಯೊಂದು ಭಾವನೆಯನ್ನೂ ಅವನು ಅಂಕಿಯಾಗಿ ಬರೆದಿಡಬೇಕು, ಮತ್ತೊಬ್ಬನು ಅದನ್ನು ಪರಿಶೀಲಿಸಬಹುದು. ಅದಕ್ಕಿಂತ ಮುಖ್ಯವಾಗಿ, ಬೀಟಾ ಲಯದ ನಿದರ್ಶನದಲ್ಲಿ ಕಂಡಂತೆ, ಒಳ್ಳೆಯ ಮಾದರಿ ತಾನು ಹೊಂದಿದ ಅಳತೆಗಿಂತ ಹೊರಗಣ ಯಾವುದಾದರೊಂದು ಸಂಗತಿಯನ್ನು ಮುಂದಾಗಿ ಹೇಳುವುದು. ಆ ಸಂಗತಿ ಸುಳ್ಳಾದರೆ ಮಾದರಿಯೂ ಬೀಳುವುದು. ಹೀಗೆ ಬೀಳುವ ಸಾಧ್ಯತೆಯಿರುವ ಹೇಳಿಕೆಯನ್ನೇ ನಾವು ವೈಜ್ಞಾನಿಕ ವ್ಯಾಖ್ಯಾನವೆಂದು ಕರೆಯಬೇಕು.

ಈ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳು ದೂರದ ಪ್ರೇಕ್ಷಕರಾಗಿಯೇ ಉಳಿಯಬೇಕಾಗಿಲ್ಲ. ಕಾಂತಕ್ಷೇತ್ರವನ್ನು ಅಳೆಯುವ ಯಂತ್ರ ಕಾಲೇಜುಗಳ ಕೈಗೆ ಎಟುಕುವಂಥದಲ್ಲ, ನಿಜ. ಆದರೆ ಜೋನ್ಸ್ ಅವರ ತಂಡ ತಮ್ಮ ಮಾದರಿಯನ್ನು ಎಲ್ಲರೂ ಉಚಿತವಾಗಿ ಬಳಸಬಹುದಾದ ಗಣಕ ತಂತ್ರಾಂಶವಾಗಿ ರೂಪಿಸಿ 2020ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದೆ. ಸಾಧಾರಣ ಗಣಕದಲ್ಲಿಯೂ ಅದು ನಡೆಯುತ್ತದೆ. ತುದಿಯ ಪ್ರಚೋದನೆಯ ಅವಧಿಯನ್ನು ಹೆಚ್ಚಿಸಿದರೆ ತಗ್ಗು ಎಷ್ಟು ಅಗಲವಾಗುವುದು, ಬುಡದ ಪ್ರಚೋದನೆಯನ್ನು ತೆಗೆದುಹಾಕಿದರೆ ಉಬ್ಬುಗಳು ಉಳಿಯುವುವೆ ಎಂಬಂಥ ಪ್ರಶ್ನೆಗಳನ್ನು ಭೌತವಿಜ್ಞಾನ, ಗಣಿತ ಮತ್ತು ಶರೀರವಿಜ್ಞಾನದ ವಿದ್ಯಾರ್ಥಿಗಳು ಒಟ್ಟಿಗೆ ಕುಳಿತು ಪರೀಕ್ಷಿಸಬಹುದು. ಪತ್ರಿಕೆಯಲ್ಲಿ ಮಿದುಳಿನ ಬಣ್ಣದ ಚಿತ್ರವೊಂದು ಮುಂದಿನ ಸಲ ಕಣ್ಣಿಗೆ ಬಿದ್ದಾಗ, ಈ ಸಂಕೇತ ಇನ್ನಾವ ಬಗೆಯಿಂದ ಹುಟ್ಟಿರಬಹುದು ಎಂದು ಅವರು ತಮ್ಮ ಅಧ್ಯಾಪಕರನ್ನು ಕೇಳುವಂತಾದರೆ ಈ ಲೇಖನದ ಉದ್ದೇಶ ನೆರವೇರಿತೆಂದು ಭಾವಿಸುತ್ತೇವೆ.